ಪುಳಿಮುಂಚಿಯ ಮೇಲೆ ತೇಲುವ ಎಣ್ಣೆ

ರಾತ್ರಿ ಒಂದು ಗಂಟೆಯ ಹೊತ್ತಿಗೆ ಹಿಂಬಾಗಿಲಿನ ಚಿಲಕ ತೆಗೆದ ಸಣ್ಣ ಸದ್ದು ಕೇಳಿತು. ಜ್ಯೋತ್ಸ್ನಾ ಕಣ್ಣು ತೆರೆದಳು.

ಹೆದರುವಂಥದ್ದೇನೂ ಇರಲಿಲ್ಲ. ಎರಡು ವರ್ಷದಿಂದ ಆ ಸದ್ದು ಅವಳಿಗೆ ಪರಿಚಿತ. ಅತ್ತೆ ಕಾಂತಿಗೆ ನಡುರಾತ್ರಿ ಇದ್ದಕ್ಕಿದ್ದಂತೆ ಮೈ ಬಿಸಿಯೇರುತ್ತದೆ. ಕುತ್ತಿಗೆ, ಬೆನ್ನು ಬೆವರಿ ಒದ್ದೆಯಾಗುತ್ತವೆ. ಆಗ ಅವರು ಎದ್ದು ಹಿಂಬಾಗಿಲು ತೆರೆದು, ಮೆಟ್ಟಿಲ ಮೇಲೆ ಐದು ನಿಮಿಷ ಗಾಳಿಗೆ ಕೂತು ಬರುತ್ತಾರೆ. ಅವರು ಒಳಗೆ ಬಂದು ಮತ್ತೆ ಚಿಲಕ ಹಾಕುವವರೆಗೆ ಜ್ಯೋತ್ಸ್ನಾಗೆ ನಿದ್ರೆ ಹತ್ತುವುದಿಲ್ಲ. "ಈ ಮನೆಗೆ ಬೇರೆ ವಾಚ್‌ಮನ್ ಬೇಡ" ಎಂದು ಗಂಡ ಉಜ್ವಲ್ ನಗುತ್ತಾನೆ.

ಆ ರಾತ್ರಿ ಚಿಲಕ ಹಾಕಿದ ಸದ್ದು ಬರಲಿಲ್ಲ. ಬದಲಿಗೆ 'ಟಕ್' ಎಂದು ಕೇಳಿತು. ಯಾರೋ ಒಣ ಕಡ್ಡಿಯೊಂದನ್ನು ಮುರಿದ ಹಾಗೆ.

ಜ್ಯೋತ್ಸ್ನಾ ಓಡಿದಳು. ಅತ್ತೆ ಕೆಳಗಿನ ಮೆಟ್ಟಿಲ ಪಕ್ಕ ನೆಲದಲ್ಲಿ ಕೂತಿದ್ದರು. ಬಲಗೈಯನ್ನು ಎಡಗೈಯಿಂದ ಎದೆಗೆ ಒತ್ತಿ ಹಿಡಿದಿದ್ದರು.

"ಏನೂ ಆಗ್ಲಿಲ್ಲ ಮಾರಾಯ್ತಿ. ಕಾಲು ಜಾರಿತು, ಕೈ ಊರಿದೆ, ಅಷ್ಟೆ. ಲೈಟು ಹಾಕ್ಬೇಡ, ಉಜ್ವಲ್ ಎದ್ದು ಬರ್ತಾನೆ."

ಜ್ಯೋತ್ಸ್ನಾ ಲೈಟು ಹಾಕಿದಳು. ಅತ್ತೆಯ ಮಣಿಕಟ್ಟು ಸೌಟಿನ ಹಿಡಿಯ ಹಾಗೆ ಡೊಂಕಾಗಿತ್ತು.

ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿದ ಡಾಕ್ಟರು ಕೇಳಿದರು, "ಎಷ್ಟು ಎತ್ತರದಿಂದ ಬಿದ್ರಿ ಅಮ್ಮ?"

ಕಾಂತಿ ಎಡಗೈಯಲ್ಲಿ ಅಳತೆ ತೋರಿಸಿದರು. "ಇಷ್ಟೆ. ಒಂದು ಗೇಣು."

"ಒಂದು ಗೇಣಿಗೆ ಎಲುಬು ಮುರಿಯಬಾರದು. ನಿಮಗೆ ವಯಸ್ಸೆಷ್ಟು?"

"ಐವತ್ಮೂರು."

"ಮುಟ್ಟು ನಿಂತು ಎಷ್ಟು ವರ್ಷ ಆಯ್ತು?"

ಕಾಂತಿ ಮಗನ ಮುಖ ನೋಡಿದರು. ಉಜ್ವಲ್ ಫೋನು ಬಂದವನ ಹಾಗೆ ಹೊರಗೆ ಹೋದ. "ನಾಲ್ಕು" ಎಂದರು ಕಾಂತಿ, ತಪ್ಪು ಮಾಡಿದವರ ದನಿಯಲ್ಲಿ.

ಡಾಕ್ಟರು ಎಲುಬಿನ ಸಾಂದ್ರತೆ ನೋಡುವ ಸ್ಕ್ಯಾನ್ ಬರೆದುಕೊಟ್ಟರು. ಮಂಗಳೂರಿಗೆ ಹೋಗಿ ಮಾಡಿಸಿದರು. ನೋವಿಲ್ಲ, ಸೂಜಿಯಿಲ್ಲ, ಕಾಲು ಗಂಟೆ ಮಲಗಿದರೆ ಮುಗಿಯಿತು. ವರದಿಯಲ್ಲಿ 'ಆಸ್ಟಿಯೊಪೊರೋಸಿಸ್' ಎಂದು ಬಂತು. ಎಲುಬು ಒಳಗೊಳಗೇ ಸವೆದು ಟೊಳ್ಳಾಗುವ ಸ್ಥಿತಿ. ವಾರಕ್ಕೊಂದು ಗುಳಿಗೆ, ದಿನಕ್ಕೊಂದು ಕ್ಯಾಲ್ಸಿಯಂ ಗುಳಿಗೆ, ವಿಟಮಿನ್ ಡಿ. ಆರು ವಾರ ಪ್ಲಾಸ್ಟರ್.

ಮನೆಗೆ ಬರುವ ದಾರಿಯಲ್ಲಿ, ಬಂಟ್ವಾಳ ಪೇಟೆ ದಾಟಿದ ಮೇಲೆ ಕಾಂತಿ ಕೇಳಿದರು. "ಫೆಬ್ರವರಿಗೆ ಇನ್ನು ಐದು ತಿಂಗಳು ಉಂಟಲ್ವಾ?"

ಫೆಬ್ರವರಿಯಲ್ಲಿ ಮಗಳು ನವ್ಯಾಳ ಹೆರಿಗೆ. ಚೊಚ್ಚಲ ಹೆರಿಗೆ ತಾಯಿ ಮನೆಯಲ್ಲೇ ಆಗಬೇಕು, ಬಾಣಂತನ ತಾಯಿಯ ಕೈಯಲ್ಲೇ ಆಗಬೇಕು ಎಂಬುದು ಕಾಂತಿಯ ಬಹಳ ದಿನಗಳ ಆಸೆ. ಬಚ್ಚಲಿಗೆ ಹೊಸ ಹಂಡೆ ತಂದಿಟ್ಟಿದ್ದರು. ಹಳೆಯ ಮೆತ್ತನೆಯ ಪಂಚೆಗಳನ್ನು ಹರಿದು, ಒಗೆದು, ಮಡಿಸಿ ಕಪಾಟು ತುಂಬಿಸಿದ್ದರು. ಈಗ ಅದೇ ಮಗುವನ್ನು ಮೀಯಿಸಬೇಕಾದ ಕೈ ಪ್ಲಾಸ್ಟರಿನೊಳಗೆ ಇತ್ತು.

ಆ ದಿನದಿಂದ ನವ್ಯಾ ವಿಡಿಯೋ ಕಾಲ್ ಮಾಡಿದಾಗೆಲ್ಲ ಕಾಂತಿ ಫೋನನ್ನು ಮುಖದ ಹತ್ತಿರ ಹಿಡಿದರು. ಬಲಗೈ ಕಾಣದ ಹಾಗೆ.

"ಮಾಮಿ, ಅವಳಿಗೆ ಹೇಳುವ ಅಲ್ವಾ?" ಜ್ಯೋತ್ಸ್ನಾ ಕೇಳಿದಳು.

"ಹೇಳಿದ್ರೆ ವಾರಿಜಕ್ಕನಿಗೆ ಗೊತ್ತಾಗ್ತದೆ. ಆಮೇಲೆ ಮುಗೀತು."

ವಾರಿಜಕ್ಕ ನವ್ಯಾಳ ಅತ್ತೆ. ಮೂಡುಬಿದಿರೆಯವರು. ವಯಸ್ಸು ಅರವತ್ತೈದು. ತನ್ನ ಕೈಯಲ್ಲಿ ಒಂಬತ್ತು ಮಕ್ಕಳನ್ನು ಮೀಯಿಸಿದ್ದೇನೆ ಎಂದು ಭೇಟಿಯಾದಾಗೆಲ್ಲ ಹೇಳುತ್ತಿದ್ದರು. ಕೆಟ್ಟವರಲ್ಲ. ಆದರೆ ಯಾವ ಕೆಲಸವನ್ನೂ ಇನ್ನೊಬ್ಬರು ಸರಿಯಾಗಿ ಮಾಡುತ್ತಾರೆ ಎಂಬ ನಂಬಿಕೆ ಅವರಿಗಿರಲಿಲ್ಲ.

ಆ ವಾರದ ಕೊನೆಗೆ ಸೌದಾ ಬಂದಳು. ಅವಳು ಆ ಊರಿನ ಆಶಾ ಕಾರ್ಯಕರ್ತೆ. ಕಾಂತಿಯ ಮನೆಗೆ ಬಂದರೆ ನೇರ ಅಡುಗೆಮನೆಗೇ ಬರುವಷ್ಟು ಸಲಿಗೆ. ಅವಳು ಬಂದಾಗ ಒಲೆಯ ಪಕ್ಕ ಮಣ್ಣಿನ ಪಾತ್ರೆಯಲ್ಲಿ ನಿನ್ನೆಯ ಬೂತಾಯಿ ಮೀನಿನ ಹುಳಿ ಖಾರದ ಪುಳಿಮುಂಚಿ ಇತ್ತು. ಮಳೆಗಾಲ ಮುಗಿದ ಮೇಲಿನ ಬೂತಾಯಿ. ಕೆಂಪು ಸಾರಿನ ಮೇಲೆ ಎಣ್ಣೆ ಪದರವಾಗಿ ನಿಂತಿತ್ತು. ಕಾಂತಿ ಎಡಗೈಯಲ್ಲಿ ಸೌಟು ಹಿಡಿದು ಆ ಎಣ್ಣೆಯನ್ನು ಮೆಲ್ಲಗೆ ತೆಗೆದು ಒಂದು ತೆಂಗಿನ ಗೆರಟೆಗೆ ಹಾಕುತ್ತಿದ್ದರು.

"ಎಂತ ಮಾಡ್ತಾ ಇದ್ದೀರಿ ಕಾಂತಿಯಕ್ಕ?"

"ಕಾಣುದಿಲ್ವಾ? ಎಣ್ಣೆ ತೆಗೀತಾ ಇದ್ದೇನೆ. ಮಗ ಸೊಸೆ ತಿನ್ನುವುದು. ಅವರಿಗೂ ಕೊಲೆಸ್ಟ್ರಾಲ್ ಆಗುದು ಬೇಡ."

"ನೀವು ತಿನ್ನುದಿಲ್ವಾ?"

"ನಾನು ಬಿಟ್ಟು ನಾಲ್ಕು ವರ್ಷ ಆಯ್ತು."

"ತೆಗೆದ ಎಣ್ಣೆ ಎಲ್ಲಿಗೆ?"

"ಹಿತ್ತಲಿನ ತೆಂಗಿನ ಬುಡಕ್ಕೆ."

ಸೌದಾ ಕಿಟಕಿಯಿಂದ ಹೊರಗೆ ನೋಡಿದಳು. "ಹಾಗಾದ್ರೆ ನಿಮ್ಮ ತೆಂಗಿನ ಮರದ ಎಲುಬು ಗಟ್ಟಿ ಉಂಟು. ಅದು ಬಿದ್ರೂ ಮುರಿಯುದಿಲ್ಲ."

ಜ್ಯೋತ್ಸ್ನಾಗೆ ನಗು ಬಂತು. ಕಾಂತಿ ಸೌಟು ಕೆಳಗಿಟ್ಟರು. "ತಮಾಷೆ ಮಾಡ್ತೀಯಾ? ಕೈ ಮುರಿದವಳ ಹತ್ರ?"

"ತಮಾಷೆ ಅಲ್ಲ ಅಕ್ಕ. ನಾಲ್ಕು ವರ್ಷದಿಂದ ಎಂತೆಲ್ಲ ಬಿಟ್ಟಿದ್ದೀರಿ, ಹೇಳಿ ನೋಡುವ."

ಕಾಂತಿ ಹೆಮ್ಮೆಯಿಂದ ಹೇಳಿದರು. ನಾಲ್ಕು ವರ್ಷದ ಹಿಂದೆ ರಕ್ತ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಸ್ವಲ್ಪ ಹೆಚ್ಚು ಬಂದಿತ್ತು. ಕರಿದದ್ದು ಕಮ್ಮಿ ಮಾಡಿ ಎಂದಿದ್ದರು ಡಾಕ್ಟರು. ಕಾಂತಿ ಕಮ್ಮಿ ಮಾಡುವ ಜಾತಿಯವರಲ್ಲ. ಬಿಟ್ಟೇಬಿಟ್ಟರು. ಮೀನು ಬಿಟ್ಟರು, ಮೊಟ್ಟೆ ಬಿಟ್ಟರು, ಹಾಲು, ಮೊಸರು, ಒಗ್ಗರಣೆ ಕೂಡ ಬಿಟ್ಟರು. ಮಧ್ಯಾಹ್ನ ಗಂಜಿ ಮತ್ತು ಉಪ್ಪಿನಕಾಯಿ, ರಾತ್ರಿಯೂ ಅದೇ. ಸಂಜೆ ಮಾತ್ರ ಚಾದ ಜೊತೆ ಬೇಕರಿಯ ಎರಡು ಖಾರಿ ಬಿಸ್ಕತ್ತು.

"ನಾಲ್ಕು" ಎಂದಳು ಜ್ಯೋತ್ಸ್ನಾ.

"ನೀನು ಎಣಿಸ್ತೀಯಾ?"

"ಕಣ್ಣಿಗೆ ಬೀಳ್ತದೆ ಮಾಮಿ."

"ಇರಲಿ, ನಾಲ್ಕು. ಖಾರಿ ಹಗುರ ಅಲ್ವಾ ಸೌದಾ? ಚಾಕ್ಕೆ ಹಾಕಿದ್ರೆ ತೇಲ್ತದೆ. ಅದರಲ್ಲಿ ಎಣ್ಣೆಯೇ ಕಾಣುದಿಲ್ಲ."

ಸೌದಾ ಜ್ಯೋತ್ಸ್ನಾಳ ಹತ್ತಿರ ಒಂದು ಬಿಳಿ ಕಾಗದ ಕೇಳಿದಳು. ಕಾಗದದ ಮೇಲೆ ಒಂದು ಖಾರಿ ಇಟ್ಟು, ಅದರ ಮೇಲೆ ಕಾಗದದ ಇನ್ನೊಂದು ಮಡಿಕೆ ಹಾಕಿ, ಬಿಸಿ ಚಾದ ಲೋಟವನ್ನು ಅದುಮಿ ಇಟ್ಟಳು. "ಚಾ ಕುಡಿಯುವಷ್ಟು ಆರಲಿ" ಎಂದು ಬೇರೆ ಮಾತಿಗೆ ತೊಡಗಿದಳು. ಐದು ನಿಮಿಷ ಕಳೆದು ಕಾಗದ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ಖಾರಿ ಇದ್ದ ಜಾಗ ಗಾಜಿನ ಹಾಗೆ ಹೊಳೆಯುತ್ತಿತ್ತು. ಆಚೆ ಬದಿಯ ತೆಂಗಿನ ಮರ ಮಸುಕಾಗಿ ಕಂಡಿತು.

ಕಾಂತಿ ಕಾಗದವನ್ನು ಮೂಸಿ ನೋಡಿದರು. "ಇದಿಷ್ಟೂ ಎಣ್ಣೆಯಾ?"

"ಹೆಚ್ಚಿನ ಕಡೆ ವನಸ್ಪತಿ, ಇಲ್ಲದಿದ್ದರೆ ಅಂಥದೇ ಗಟ್ಟಿ ಕೊಬ್ಬು. ಪದರ ಪದರಕ್ಕೂ ಹಚ್ಚಿ ಲಟ್ಟಿಸಿದ್ರೆ ಮಾತ್ರ ಖಾರಿ ಹೀಗೆ ಉಬ್ಬಿ ಹಗುರ ಆಗುದು. ಪುಳಿಮುಂಚಿಯಲ್ಲಿ ಎಣ್ಣೆ ಕಣ್ಣಿಗೆ ಕಾಣ್ತದೆ, ಅದಕ್ಕೆ ನೀವು ಹೆದರಿದ್ರಿ. ಖಾರಿಯಲ್ಲಿ ಅಡಗಿ ಕೂತಿದೆ, ಅದಕ್ಕೆ ಹೆದರಲಿಲ್ಲ. ಒಳ್ಳೆಯದನ್ನು ತೆಂಗಿಗೆ ಕೊಟ್ಟು ಕೆಟ್ಟದ್ದನ್ನು ನೀವು ತಿಂದ್ರಿ."

"ಕೊಬ್ಬು ಅಂದ್ರೆ ಕೊಬ್ಬು. ಅದರಲ್ಲಿ ಎಂತ ಒಳ್ಳೆಯದು, ಎಂತ ಕೆಟ್ಟದು?"

"ಎಲ್ಲ ಕೊಬ್ಬೂ ಒಂದೇ ಅಂದ್ರೆ ಎಲ್ಲ ಸೊಸೆಯಂದಿರೂ ಒಂದೇ ಅಂದ ಹಾಗೆ."

ಕಾಂತಿ ಜ್ಯೋತ್ಸ್ನಾಳನ್ನು ನೋಡಿದರು. "ಅದು ಸುಳ್ಳು" ಎಂದರು. ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಆದರೆ ಎಡಗೈಯಿಂದ ಚಾದ ಲೋಟವನ್ನು ಸೊಸೆಯ ಕಡೆಗೆ ಸರಿಸಿದರು.

ಸೌದಾ ನೆಲದ ಮೇಲೆ ಕಾಲು ಮಡಚಿ ಕೂತಳು. "ನೋಡಿ ಅಕ್ಕ. ಎಲುಬು ಅಂದ್ರೆ ಕಲ್ಲಲ್ಲ. ರಸ್ತೆ ರಿಪೇರಿಯ ಹಾಗೆ ಅದರಲ್ಲಿ ದಿನಾ ಕೆಲಸ ನಡೀತದೆ. ಹಳತನ್ನು ಅಗೆಯುವವರು ಒಂದು ತಂಡ, ಹೊಸತು ಕಟ್ಟುವವರು ಇನ್ನೊಂದು ತಂಡ. ಮುಟ್ಟು ಇರುವಷ್ಟು ಕಾಲ ಈಸ್ಟ್ರೋಜನ್ ಎಂಬ ಹಾರ್ಮೋನು ಮೇಸ್ತ್ರಿಯ ಹಾಗೆ ನಿಂತು ಎರಡೂ ತಂಡವನ್ನು ಸಮ ಮಾಡ್ತದೆ. ಮುಟ್ಟು ನಿಂತ ಮೇಲೆ ಮೇಸ್ತ್ರಿ ಊರಿಗೆ ಹೋದ. ಅಗೆಯುವವರಿಗೆ ಹೇಳುವವರಿಲ್ಲ. ಮೊದಲ ಐದಾರು ವರ್ಷದಲ್ಲಿ ತುಂಬ ಎಲುಬು ಹೋಗ್ತದೆ. ನೋವೇ ಇರುದಿಲ್ಲ. ಮುರಿದ ಮೇಲೆಯೇ ಗೊತ್ತಾಗುದು."

"ಅದಕ್ಕೂ ಬೂತಾಯಿಗೂ ಎಂತ ಸಂಬಂಧ?"

"ಬೂತಾಯಿ, ಬಂಗುಡೆ, ಇವುಗಳ ಎಣ್ಣೆಯಲ್ಲಿ ಒಮೇಗಾ ಮೂರು ಎಂಬ ಕೊಬ್ಬಿನಾಮ್ಲ ಉಂಟು. ಅದು ಮೈಯೊಳಗಿನ ಉರಿಯೂತ ಕಮ್ಮಿ ಮಾಡ್ತದೆ, ಆ ಅಗೆಯುವವರ ಕೈಯನ್ನು ಸ್ವಲ್ಪ ಹಿಡಿದು ನಿಲ್ಲಿಸಬಹುದು ಅಂತ ಹೇಳ್ತಾರೆ. ವನಸ್ಪತಿ, ಮತ್ತೆ ಮತ್ತೆ ಕಾಯಿಸಿದ ಎಣ್ಣೆ, ಇವು ಹೃದಯಕ್ಕಂತೂ ಕೆಟ್ಟದು, ಎಲುಬಿಗೂ ಒಳ್ಳೆಯದಲ್ಲ. ಇನ್ನೊಂದು. ಡಾಕ್ಟ್ರು ನಿಮಗೆ ವಿಟಮಿನ್ ಡಿ ಕೊಟ್ಟಿದ್ದಾರಲ್ಲ? ಅದು ಮೈಗೆ ಸೇರಬೇಕಾದ್ರೆ ಊಟದಲ್ಲಿ ಒಂಚೂರು ಕೊಬ್ಬು ಬೇಕು. ಬರೀ ಗಂಜಿ ಉಪ್ಪಿನಕಾಯಿ ಜೊತೆ ತಕೊಂಡ್ರೆ ಸರಿಯಾಗಿ ಸೇರುದಿಲ್ಲ."

ಕಾಂತಿ ಪ್ಲಾಸ್ಟರಿನ ಕೈ ನೋಡಿಕೊಂಡರು. "ಹಾಗಾದ್ರೆ ಬೂತಾಯಿ ತಿಂದ್ರೆ ಫೆಬ್ರವರಿ ಒಳಗೆ ನನ್ನ ಎಲುಬು ಗಟ್ಟಿಯಾಗ್ತದಾ?"

ಜ್ಯೋತ್ಸ್ನಾ ಸೌದಾಳ ಮುಖವನ್ನೇ ನೋಡಿದಳು. ಹೌದು ಎಂದುಬಿಟ್ಟರೆ ಅತ್ತೆ ಗುಳಿಗೆ ಬಿಟ್ಟು ಮೂರು ಹೊತ್ತೂ ಮೀನೇ ತಿನ್ನುವವರು.

"ಇಲ್ಲ ಅಕ್ಕ" ಎಂದಳು ಸೌದಾ. "ಮೀನು ಮದ್ದಲ್ಲ. ಅದರ ಬಗ್ಗೆ ಇನ್ನೂ ಸಂಶೋಧನೆ ನಡೀತಾ ಉಂಟು. ನಿಮಗೆ ಮದ್ದು ಡಾಕ್ಟ್ರು ಕೊಟ್ಟದ್ದೇ. ಊಟ ಅದರ ಬೆನ್ನಿಗೆ ನಿಲ್ಲುವುದು. ಎಲುಬು ಗಟ್ಟಿಯಾಗ್ಲಿಕ್ಕೆ ವರ್ಷಗಳೇ ಬೇಕು. ಆದ್ರೆ ಫೆಬ್ರವರಿ ಒಳಗೆ ಕೈಯ ಮುರಿತ ಕೂಡಿಕೊಳ್ತದೆ, ಸ್ನಾಯುಗಳಿಗೆ ಬಲ ಬರ್ತದೆ, ಇನ್ನೊಂದು ಸಲ ಬೀಳದ ಹಾಗೆ ನೋಡ್ಕೊಳ್ಬಹುದು. ಅಷ್ಟು ನಾನು ಹೇಳ್ತೇನೆ. ಅದಕ್ಕಿಂತ ಹೆಚ್ಚು ಹೇಳುದಿಲ್ಲ."

ಆಮೇಲೆ ಅವಳು ದನಿ ತಗ್ಗಿಸಿದಳು. "ನನ್ನ ಉಮ್ಮ ಜುಲೈಕಾ ಬೆಳ್ತಂಗಡಿಯಲ್ಲಿ ಇದ್ದಾರೆ, ನಿಮಗೆ ಗೊತ್ತುಂಟಲ್ಲ. ಮೊದಲು ಕೈ ಮುರೀತು. 'ಕಾಲು ಜಾರಿತು, ಅಷ್ಟೆ' ಅಂದ್ರು, ನಿಮ್ಮ ಹಾಗೆಯೇ. ನಾವೂ ಬಿಟ್ಟೆವು. ಮೂರು ವರ್ಷಕ್ಕೆ ಸೊಂಟದ ಎಲುಬು ಹೋಯ್ತು. ಈಗ ವಾಕರ್ ಇಲ್ಲದೆ ಅಡುಗೆಮನೆಗೆ ಬರ್ಲಿಕ್ಕೆ ಆಗುದಿಲ್ಲ. ಆಗ ನನಗೆ ಇದೆಲ್ಲ ಗೊತ್ತಿರಲಿಲ್ಲ ಅಕ್ಕ. ಈಗ ಗೊತ್ತುಂಟು. ಅದಕ್ಕೇ ನಿಮ್ಮ ಅಡುಗೆಮನೆಗೆ ಬಂದು ಬಾಯಿ ಮಾಡುದು."

ಕಾಂತಿ ಎದ್ದು ಗೆರಟೆಯಲ್ಲಿದ್ದ ಎಣ್ಣೆಯನ್ನು ಪುನಃ ಪುಳಿಮುಂಚಿಗೆ ಸುರಿದರು. ತಟ್ಟೆಯಲ್ಲಿ ಎರಡು ಬೂತಾಯಿ ಹಾಕಿಕೊಂಡರು. ಎಡಗೈಯಲ್ಲಿ ತಿನ್ನಲು ಒದ್ದಾಡಿದಾಗ ಜ್ಯೋತ್ಸ್ನಾ ಮುಳ್ಳು ಬಿಡಿಸಿ ಕೊಟ್ಟಳು. ಮೆತ್ತಗೆ ಬೆಂದ ಸಣ್ಣ ಮುಳ್ಳುಗಳನ್ನು ಚೆನ್ನಾಗಿ ಜಗಿದು ತಿಂದರೆ ಅದರಲ್ಲೂ ಕ್ಯಾಲ್ಸಿಯಂ ಉಂಟು ಎಂದಳು ಸೌದಾ. ನಾಲ್ಕು ವರ್ಷದ ಮೇಲೆ ಬಾಯಿಗೆ ಬಿದ್ದ ಮೊದಲ ತುತ್ತಿಗೆ ಕಾಂತಿ ಕಣ್ಣು ಮುಚ್ಚಿದರು.

"ಖಾರ ಸ್ವಲ್ಪ ಕಮ್ಮಿ ಆಯ್ತು" ಎಂದರು.

ಹೊರಡುವ ಮುಂಚೆ ಸೌದಾ ಮತ್ತೊಂದು ಮಾತು ಹೇಳಿದಳು. "ನವ್ಯಾಳಿಗೆ ಹೇಳಿ. ಮುಚ್ಚಿಟ್ಟು ಮಾಡುವ ಬಾಣಂತನದಲ್ಲಿ ನೀವು ಬಿದ್ರೆ ಮಗುವೂ ಬೀಳ್ತದೆ."

ಅದು ಕಾಂತಿಗೆ ನಾಟಿತು. ಆ ಸಂಜೆಯೇ ಫೋನು ದೂರ ಹಿಡಿದು ಮಗಳಿಗೆ ಪ್ಲಾಸ್ಟರ್ ತೋರಿಸಿದರು. ನವ್ಯಾ ಅತ್ತಳು. ಮರುದಿನ ವಾರಿಜಕ್ಕನ ಫೋನು ಬಂತು.

"ಅಯ್ಯೋ ಕಾಂತಿ, ನೀವು ಎಂತದೂ ತಲೆಬಿಸಿ ಮಾಡ್ಬೇಡಿ. ನವ್ಯಾ ಇಲ್ಲೇ ಇರಲಿ. ನಾನಿಲ್ವಾ?"

"ಇಲ್ಲ ವಾರಿಜಕ್ಕ. ಫೆಬ್ರವರಿಗೆ ಸರಿಯಾಗ್ತೇನೆ."

"ನೋಡುವ. ಹೆರಿಗೆಗೆ ಅಲ್ಲಿಗೇ ಬರಲಿ. ನಾನು ಬಂದು ನೋಡ್ತೇನೆ. ನೀವು ಮಗುವನ್ನು ಮೀಯಿಸುವುದು ನನಗೆ ಸರಿ ಕಾಣದಿದ್ರೆ ತಾಯಿ ಮಗು ಇಬ್ಬರನ್ನೂ ಕರ್ಕೊಂಡು ಬರ್ತೇನೆ. ಬೇಜಾರು ಮಾಡ್ಬಾರದು."

ಕಾಂತಿ ಫೋನಿಟ್ಟು ಸೊಸೆಯನ್ನು ಕೇಳಿದರು, "ಸೌದಾ ಎಂತೆಲ್ಲ ಹೇಳಿದ್ದಾಳೆ? ಒಂದು ಕಡೆ ಬರೆದಿಡು."

ಮರುದಿನ ಬೆಳಗ್ಗೆ ಗೇಟಿನ ಹತ್ತಿರ ಮೀನಿನ ಇಬ್ರಾಹಿಂ ಸ್ಕೂಟರು ನಿಲ್ಲಿಸಿ ಪೊಂ ಪೊಂ ಎಂದು ಹಾರ್ನು ಒತ್ತಿದ. ಕಾಂತಿಯೇ ಪಾತ್ರೆ ಹಿಡಿದು ಹೋದರು.

"ಬೂತಾಯಿ ತಾಜಾ ಉಂಟಾ?"

"ಕಣ್ಣು ನೋಡಿ ಅಕ್ಕ, ನಿಮ್ಮನ್ನೇ ನೋಡ್ತಾ ಉಂಟು. ಎಷ್ಟು ಹಾಕ್ಲಿ? ಇಬ್ಬರಿಗಾ?"

"ಮೂವರಿಗೆ."

ಇಬ್ರಾಹಿಂ ತಕ್ಕಡಿ ಹಿಡಿದು ನಿಂತುಬಿಟ್ಟ. "ನಾಲ್ಕು ವರ್ಷದಿಂದ ನನ್ನ ಬೂತಾಯಿಗೆ ಶಾಪ ಹಾಕಿದವರು ನೀವು!"

"ನನ್ನ ಶಾಪಕ್ಕೆ ನಿನ್ನ ರೇಟು ಇಳೀಲಿಲ್ಲ ಮಾರಾಯ. ತೂಗು."

ವಾರಕ್ಕೆ ಎರಡು ಮೂರು ಸಲ ಮೀನು ಬಂತು. ಕರಿಯುವುದಿಲ್ಲ. ಪುಳಿಮುಂಚಿ, ತೆಂಗಿನಕಾಯಿ ಅರೆದ ಗಸಿ, ಇಲ್ಲವೇ ಕಾವಲಿಯ ಮೇಲೆ ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸಿದ್ದು. ಕರಿದ ಎಣ್ಣೆಯನ್ನು ಎತ್ತಿಟ್ಟು ಮತ್ತೆ ಕಾಯಿಸುವ ರೂಢಿ ನಿಂತಿತು. ಮೀನು ಮಾಡದ ದಿನ ಅಗಸೆ ಬೀಜವನ್ನು ಹುರಿದು ಪುಡಿ ಮಾಡಿದ ಚಟ್ನಿ. ಮೀನು ತಿನ್ನದ ಪಕ್ಕದ ಮನೆಯವರಿಗೂ ಸೌದಾ ಅದನ್ನೇ ಹೇಳಿದ್ದಳು, ಅಕ್ರೋಟ್ ಸಿಕ್ಕಿದರೆ ಅದೂ ಆದೀತು ಎಂದಿದ್ದಳು. ಮಧ್ಯಾಹ್ನ ಮೊಸರು ಬಂತು, ಬೆಳಗ್ಗೆ ರಾಗಿ ಬಂತು, ಹಿತ್ತಲಿನ ನುಗ್ಗೆ ಸೊಪ್ಪು ಪಲ್ಯವಾಯಿತು. ತೆಂಗಿನಕಾಯಿ ಬಿಡಲಿಲ್ಲ, ಒಂದು ಕಾಯಿಯ ಜಾಗದಲ್ಲಿ ಅರ್ಧ ಕಾಯಿ ಹಾಕಿದರು.

ಎಲ್ಲವೂ ಸಲೀಸಾಗಿ ಆಯಿತೆಂದಲ್ಲ. ಒಂದು ದಿನ ಅಕ್ಕಿಯ ಡಬ್ಬದೊಳಗೆ ಜ್ಯೋತ್ಸ್ನಾಳ ಕೈಗೆ ಖಾರಿಯ ಪೊಟ್ಟಣ ಸಿಕ್ಕಿತು. ಅತ್ತೆಯ ಮುಂದೆ ಇಟ್ಟಳು.

"ಅದು ಇಲಿಗೆ" ಎಂದರು ಕಾಂತಿ.

"ಇಲಿ ಚಾ ಕುಡೀತದಾ ಮಾಮಿ?"

ಇಬ್ಬರೂ ನಕ್ಕರು. ತಿಂಗಳಿಗೆ ಒಂದು ಸಲ ಆಸೆಗೆ ತಿನ್ನಿ, ದಿನಾ ಬೇಡ ಎಂದು ರಾಜಿಯಾಯಿತು.

ಕುವೈತಿನ ಹೋಟೆಲಿನಲ್ಲಿ ಕೆಲಸದಲ್ಲಿರುವ ಕಾಂತಿಯ ಗಂಡ ಸುಬ್ಬಯ್ಯ, ಸುದ್ದಿ ಕೇಳಿ, ಊರಿಗೆ ಬರುವವರ ಕೈಯಲ್ಲಿ ಮೀನೆಣ್ಣೆ ಗುಳಿಗೆಯ ದೊಡ್ಡ ಬಾಟಲಿ ಕಳುಹಿಸಿದರು. ಕಾಂತಿ ದಿನಕ್ಕೆ ಆರು ನುಂಗಲು ಸಿದ್ಧರಾದರು. ಜ್ಯೋತ್ಸ್ನಾ ಬಾಟಲಿಯನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಹೋದಳು. ಮೀನು ತಿನ್ನುತ್ತಿದ್ದರೆ ಇದು ಅಗತ್ಯವಿಲ್ಲ, ರಕ್ತ ತೆಳುವಾಗಲು ಗುಳಿಗೆ ತೆಗೆದುಕೊಳ್ಳುವವರಂತೂ ಕೇಳದೆ ಮುಟ್ಟಲೇಬಾರದು ಎಂದರು ಡಾಕ್ಟರು. ಬಾಟಲಿ ಕಪಾಟು ಸೇರಿತು. ಗಂಡನಿಗೆ ಬೇಸರವಾಗದಿರಲೆಂದು ಕಾಂತಿ ಅದರ ಪಕ್ಕ ನಿಂತು ಫೋಟೋ ತೆಗೆಸಿ ಕಳುಹಿಸಿದರು.

ಪ್ಲಾಸ್ಟರ್ ಬಿಚ್ಚಿದ ದಿನ ಕೈ ತೆಳ್ಳಗೆ, ಬಿಳಿಚಿಕೊಂಡು ಬೇರೆ ಯಾರದೋ ಕೈಯ ಹಾಗಿತ್ತು. ಮುಷ್ಟಿ ಕಟ್ಟಲು ಆಗಲಿಲ್ಲ. ಆ ರಾತ್ರಿ ಕಾಂತಿ ಕತ್ತಲೆಯಲ್ಲಿ ಅತ್ತದ್ದು ಜ್ಯೋತ್ಸ್ನಾಗೆ ಗೊತ್ತಾಯಿತು. ಮರುದಿನ ಏನೂ ಕೇಳದೆ ಒಂದು ಸ್ಪಂಜನ್ನು ಅತ್ತೆಯ ಕೈಗೆ ಕೊಟ್ಟಳು. ಫಿಸಿಯೋಥೆರಪಿಯವರು ಹೇಳಿಕೊಟ್ಟ ಹಾಗೆ ಅದನ್ನು ಹಿಂಡುವುದು, ಬಿಡುವುದು. ಹತ್ತು ಗಂಟೆಯ ಬಿಸಿಲಿಗೆ ನಡೆಯುವುದು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಕೂರುವುದು. ಉಜ್ವಲ್ ಹಿಂಬಾಗಿಲ ಮೆಟ್ಟಿಲಿಗೆ ಹಿಡಿಕೆ ಹಾಕಿಸಿ, ರಾತ್ರಿಯಿಡೀ ಉರಿಯುವ ಸಣ್ಣ ಬಲ್ಬು ಕಟ್ಟಿದ. ಬಚ್ಚಲಿನ ನೆಲಕ್ಕೆ ಜಾರದ ಮ್ಯಾಟು ಬಂತು.

ಫೆಬ್ರವರಿ ಎರಡನೇ ವಾರ ನವ್ಯಾ ಹೆತ್ತಳು. ಹೆಣ್ಣು ಮಗು. ಆಸ್ಪತ್ರೆಯಿಂದ ಮನೆಗೆ ಬಂದು, ಹೊಕ್ಕುಳ ಬಳ್ಳಿ ಬಿದ್ದ ಮೇಲೆ, ಮಗುವನ್ನು ಮೀಯಿಸುವ ಮೊದಲ ದಿನ ವಾರಿಜಕ್ಕ ಮೂಡುಬಿದಿರೆಯಿಂದ ಬೆಳಗ್ಗಿನ ಬಸ್ಸಿಗೇ ಬಂದಿಳಿದರು.

ಬಚ್ಚಲಿಗೆ ಬಂದು ನೋಡಿದವರೇ ಹುಬ್ಬು ಹಾರಿಸಿದರು. ಮಣೆಯನ್ನು ನೆಲಕ್ಕೆ ಹಾಕದೆ ಗೋಡೆಗೆ ಒರಗಿಸಿಟ್ಟಿದ್ದರು. ಸೊಂಟದ ಎತ್ತರದ ಗಟ್ಟಿ ಬೆಂಚಿನ ಮೇಲೆ ಮಗುವಿನ ಟಬ್ಬು ಇತ್ತು. ಕಾಂತಿ ಅದರ ಮುಂದೆ ಕುರ್ಚಿಯಲ್ಲಿ ಮಗುವನ್ನು ಎತ್ತಿಕೊಂಡು ಕೂತಿದ್ದರು. ಜ್ಯೋತ್ಸ್ನಾ ಅರ್ಧರ್ಧ ಬಕೆಟ್ಟು ಬಿಸಿನೀರು ತಂದಿಡುತ್ತಿದ್ದಳು.

"ಇದು ಎಂತ ಹೋಟೆಲಿನ ವಾಶ್ ಬೇಸಿನ್ನಾ?" ಎಂದರು ವಾರಿಜಕ್ಕ.

"ಬಗ್ಗಿ ಮೀಯಿಸಿದ್ರೆ ಬೆನ್ನಿನ ಎಲುಬಿಗೆ ಒಳ್ಳೆಯದಲ್ಲ ಅಂತೆ ವಾರಿಜಕ್ಕ. ಹೀಗೆ ಮಾಡಿದ್ರೆ ನನ್ನ ಕೈಗೂ ಭಾರ ಬರುದಿಲ್ಲ."

"ಮಗುವನ್ನು ಕಾಲಿನ ಮೇಲೆ ಹಾಕಿ ಮೀಯಿಸ್ಬೇಕು. ಹಾಗಾದ್ರೆ ಮಾತ್ರ ಅದರ ಬೆನ್ನು ಕಾಲು ನೆಟ್ಟಗಾಗುದು. ಮಣೆ ತನ್ನಿ. ನಾನು ತೋರಿಸ್ತೇನೆ. ಇದು ನಿಮ್ಮಿಂದ ಆಗುವ ಕೆಲಸ ಅಲ್ಲ ಕಾಂತಿ. ಇವತ್ತೇ ಇಬ್ಬರನ್ನೂ ಕರ್ಕೊಂಡು ಹೋಗ್ತೇನೆ."

ಕಾಂತಿಯ ಮುಖ ಬಾಡಿತು. ಮೂರು ತಿಂಗಳು ಸ್ಪಂಜು ಹಿಂಡಿದ ಕೈ ಮಗುವಿನ ಸುತ್ತ ಇನ್ನಷ್ಟು ಬಿಗಿಯಾಯಿತು. ಆದರೂ ಹೇಳಿದರು, "ಮಣೆ ಅಲ್ಲೇ ಉಂಟು. ನೀವು ಮೊದಲು ಕೂತುಕೊಳ್ಳಿ. ಆಮೇಲೆ ಮಗು ಕೊಡ್ತೇನೆ."

ವಾರಿಜಕ್ಕ ಸೀರೆ ಎತ್ತಿ ಕಟ್ಟಿ, ಗೋಡೆ ಹಿಡಿದು ಮಣೆಯ ಮೇಲೆ ಕೂತು ಕಾಲು ಚಾಚಿದರು. ಮಗುವಿಗೆ ಕೈ ನೀಡಲು ಮುಂದಕ್ಕೆ ಬಗ್ಗಿದರು. ಅಲ್ಲಿಗೇ ನಿಂತರು. ಬಾಯಿ ತೆರೆದೇ ಇತ್ತು. ಹಣೆಯಲ್ಲಿ ಬೆವರು ಒಡೆಯಿತು.

"ವಾರಿಜಕ್ಕ?"

"ಬೆನ್ನು... ಬೆನ್ನು ಹಿಡೀತು. ಏಳ್ಲಿಕ್ಕೆ ಆಗುದಿಲ್ಲ ಕಾಂತಿ."

ಕಾಂತಿ ಮಗುವನ್ನು ಜ್ಯೋತ್ಸ್ನಾಳ ಕೈಗೆ ಕೊಟ್ಟರು. ಎದ್ದು ಹೋಗಿ ಬಚ್ಚಲಿನ ಬಾಗಿಲು ಮುಂದೆ ಮಾಡಿದರು. ಹೊರಗೆ ಕೋಣೆಯಲ್ಲಿ ನವ್ಯಾ ಇದ್ದಳು, ಜಗಲಿಯಲ್ಲಿ ಉಜ್ವಲ್ ಇದ್ದ. ತಾವು ಕೂತಿದ್ದ ಕುರ್ಚಿಯನ್ನು ವಾರಿಜಕ್ಕನ ಪಕ್ಕಕ್ಕೆ ತಂದಿಟ್ಟರು.

"ಗಡಿಬಿಡಿ ಬೇಡ. ಉಸಿರು ತಕೊಳ್ಳಿ. ಈಗ ಮೆಲ್ಲ ಒಂದು ಮಗ್ಗುಲಿಗೆ ತಿರುಗಿ. ಮೊಣಕಾಲು ಊರಿ. ಕುರ್ಚಿ ಹಿಡೀರಿ, ನನ್ನ ಕೈ ಅಲ್ಲ. ಹಾಂ, ಹಾಗೆ."

ಬಿದ್ದರೆ ಹೇಗೆ ಏಳಬೇಕೆಂದು ಸೌದಾ ಕಲಿಸಿದ್ದನ್ನೇ ಕಾಂತಿ ಸಾಲು ಸಾಲಾಗಿ ಹೇಳಿದರು. ವಾರಿಜಕ್ಕ ಮೂರು ಸಲ ನಿಂತು ನಿಂತು ಕೊನೆಗೆ ಕುರ್ಚಿಗೆ ಏರಿದರು. ಕಾಂತಿ ತಮ್ಮ ಸೆರಗಿನಿಂದ ಅವರ ಮುಖ ಒರೆಸಿದರು.

"ಇದು ಮೊದಲ ಸಲ ಅಲ್ಲ" ಎಂದರು ವಾರಿಜಕ್ಕ, ಗೋಡೆ ನೋಡುತ್ತ. "ಒಂದು ವರ್ಷದಿಂದ ಹೀಗೇ. ಎತ್ತರ ಕೂಡ ಕಮ್ಮಿ ಆಗಿದೆ ಕಾಂತಿ. ಮೊದಲು ಸರಿ ಇದ್ದ ರವಕೆ ಸೀರೆ ಎಲ್ಲ ಉದ್ದ ಆಗ್ತಾ ಉಂಟು. ಮನೆಯಲ್ಲಿ ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ನನ್ನನ್ನು ಮೂಲೆಗೆ ಕೂರಿಸ್ತಾರೆ."

"ನಾನೂ ಹಾಗೇ ಎಣಿಸಿದ್ದೆ" ಎಂದರು ಕಾಂತಿ. "ನನ್ನ ಮೂಲೆ ಈ ಬೆಂಚಿನ ಹತ್ರ ಆಯ್ತು. ತೊಂದರೆ ಇಲ್ಲ."

ವಾರಿಜಕ್ಕನಿಗೆ ನಗಲು ನೋವಾಯಿತು, ಆದರೂ ನಕ್ಕರು. "ಮಗುವನ್ನು ನೀವೇ ಮೀಯಿಸಿ" ಎಂದರು. "ನಾನು ನೋಡ್ತೇನೆ."

ಕಾಂತಿ ಬೆಂಚಿನ ಮುಂದೆ ನಿಂತರು. ಎಡಗೈ ಮಗುವಿನ ಕುತ್ತಿಗೆಯ ಕೆಳಗೆ, ಬಲಗೈ ನೀರಿನಲ್ಲಿ. ಮಗು ಒಂದು ಸಲ ಬೆಚ್ಚಿ, ಆಮೇಲೆ ಸುಮ್ಮನಾಯಿತು. ವಾರಿಜಕ್ಕ ನೀರು ಹೆಚ್ಚು ಎಂದರು, ಸಾಬೂನು ಹೆಚ್ಚು ಎಂದರು, ಕಿವಿ ಜಾಗ್ರತೆ ಎಂದರು. ಕರೆದುಕೊಂಡು ಹೋಗುವ ಮಾತನ್ನು ಮಾತ್ರ ಎತ್ತಲಿಲ್ಲ.

ಮೀಯಿಸಿ ಮುಗಿದ ಮೇಲೆ ಕಾಂತಿ ಕೇಳಿದರು, "ಸೋಮವಾರ ನಾನು ಡಾಕ್ಟ್ರಲ್ಲಿಗೆ ಹೋಗುದುಂಟು. ನೀವೂ ಬನ್ನಿ. ನಾವಿಬ್ಬರೂ ಹೋಗುವ. ಅವರಿಗೆ ಎಲ್ಲ ಹೇಳ್ಬೇಕು. ಅಲ್ಲಿವರೆಗೆ ಭಾರ ಎತ್ಬೇಡಿ."

"ಬರ್ತೇನೆ. ಆದ್ರೆ ಇವತ್ತಿನದ್ದು..."

"ಇವತ್ತಿನದ್ದು ಎಂತ? ನೀವು ಮಗು ನೋಡ್ಲಿಕ್ಕೆ ಬಂದ್ರಿ, ನೋಡಿದ್ರಿ."

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ನಿಮಗೆ ಮುಟ್ಟು ನಿಂತಿದ್ದರೆ ನಿಮ್ಮ ಎಲುಬಿನ ಬಗ್ಗೆ ಇವತ್ತೇ ವಿಚಾರಿಸಿ. ಸಣ್ಣ ಬೀಳುವಿಕೆಗೆ ಎಲುಬು ಮುರಿದಿದ್ದರೆ, ಎತ್ತರ ಕಡಿಮೆಯಾಗಿದ್ದರೆ, ಬೆನ್ನು ಬಾಗುತ್ತಿದ್ದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಬೇಡಿ, ಡಾಕ್ಟರಿಗೆ ತೋರಿಸಿ. ಕೊಬ್ಬು ಎಂದು ಹೆದರಿ ಎಲ್ಲವನ್ನೂ ಬಿಡಬೇಡಿ. ಬಿಡಬೇಕಾದದ್ದು ವನಸ್ಪತಿಯ ತಿಂಡಿ ಮತ್ತು ಕಾಯಿಸಿದ್ದನ್ನೇ ಕಾಯಿಸಿದ ಎಣ್ಣೆ. ಉಳಿಸಿಕೊಳ್ಳಬೇಕಾದದ್ದು ಬೂತಾಯಿ, ಬಂಗುಡೆ, ಇಲ್ಲವೇ ಅಗಸೆ ಬೀಜ. ಜೊತೆಗೆ ರಾಗಿ, ಮೊಸರು, ಬಿಸಿಲು, ನಡಿಗೆ. ಡಾಕ್ಟರು ಕೊಟ್ಟ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಬೇರೆ ಗುಳಿಗೆಯನ್ನು ನೀವಾಗಿಯೇ ಶುರು ಮಾಡಬೇಡಿ. ಒಬ್ಬರೇ ಹೋಗಲು ಸಂಕೋಚವಾದರೆ ಗೆಳತಿಯನ್ನು ಕರೆದುಕೊಂಡು ಹೋಗಿ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿಗೆ ಹೋಗಬೇಕೆಂದು ಅವರು ಹೇಳುತ್ತಾರೆ.

ಆ ದಿನ ಮಧ್ಯಾಹ್ನ ವಾರಿಜಕ್ಕ ಪುಳಿಮುಂಚಿಯಲ್ಲಿ ಊಟ ಮಾಡಿ, ಕಾಂತಿಯ ಮಂಚದಲ್ಲೇ ಮಲಗಿ ನಿದ್ದೆ ಹೋದರು. ನವ್ಯಾ ಅತ್ತಿಗೆಯನ್ನು ಹತ್ತಿರ ಕರೆದಳು.

"ಅತ್ತಿಗೆ, ನಿಜ ಹೇಳಿ. ಕರ್ಕೊಂಡು ಹೋಗ್ತೇನೆ ಅಂತ ಬಂದವರು ಬಚ್ಚಲಿನಿಂದ ಹೊರಗೆ ಬರುವಾಗ ಅಮ್ಮನ ಹೆಗಲ ಮೇಲೆ ಕೈ ಹಾಕಿದ್ರು. ಒಳಗೆ ಎಂತ ಆಯ್ತು?"

ಜ್ಯೋತ್ಸ್ನಾ ಅತ್ತೆಯ ಕೋಣೆಯ ಕಡೆ ನೋಡಿದಳು. ಡಾಕ್ಟರಿಗೆ ಹೇಳಬೇಕಾದದ್ದನ್ನು ಸೋಮವಾರ ಅವರಿಬ್ಬರೇ ಹೇಳುತ್ತಾರೆ. ಮನೆಯವರಿಗೆ ಯಾವಾಗ ಹೇಳಬೇಕೆಂದು ವಾರಿಜಕ್ಕನೇ ತೀರ್ಮಾನಿಸಲಿ. ಮಣೆಯ ಮೇಲೆ ಕೂತು ಏಳಲಾಗದೆ ಬೆವರಿದ ಆ ಹೆಂಗಸಿನ ಮುಖವನ್ನು ತಾನು ಯಾರಿಗೂ ಹೇಳುವುದಿಲ್ಲ, ಉಜ್ವಲ್‌ಗೂ ಇಲ್ಲ ಎಂದು ಅವಳು ನಿಶ್ಚಯಿಸಿದಳು.

"ಎಂತದೂ ಆಗ್ಲಿಲ್ಲ ನವ್ಯಾ" ಎಂದಳು. "ಮಗುವನ್ನು ಮೀಯಿಸಿದೆವು."